ಲೆದರ್ ಫ್ಲೈಟ್ ಜಾಕೆಟ್‌ನ ಸೊಂಟದ ಪಟ್ಟಿ ಬಿಗಿಯಾಗಿದ್ದರೆ ಸಡಿಲಿಸುವ ಬಗೆ

ಹಿಂದೆ ಅಮೆರಿಕದ ಪೈಲಟ್‌ಗಳು ಹಾಕುತ್ತಿದ್ದ ಏ-2 ಥರದ ಲೆದರ್ ಫ್ಲೈಟ್ ಜಾಕೆಟ್ ಹೊಸದಾಗಿ ತಗೊಂಡವರ ದೂರು ಹೆಚ್ಚುಕಮ್ಮಿ ಒಂದೇ ಇರುತ್ತದೆ. ಎದೆ, ಭುಜ, ತೋಳು ಎಲ್ಲಾ ಸರಿ. ಕೆಳಗಿನ ಹೆಣಿಗೆ ಪಟ್ಟಿ ಮಾತ್ರ ಹೊಟ್ಟೆ ಹಿಂಡುತ್ತದೆ. ಕೂತರೆ ಮೇಲಕ್ಕೆ ಜಾರುತ್ತದೆ, ಎದ್ದಾಗ ಕೆಳಕ್ಕೆ ಎಳೆದುಕೊಳ್ಳಬೇಕು. ನಾನಿರುವುದು ಒಹಾಯೊದ ಡೇಟನ್‌ನಲ್ಲಿ. ಅಮೆರಿಕದ ವಾಯುಪಡೆಯ ಮ್ಯೂಸಿಯಂ ಇರುವ ಊರಿದು, ಇಲ್ಲಿ ಈ ಜಾಕೆಟ್ ಮೇಲೆ ಪ್ರೀತಿ ಇರುವವರು ಬಹಳ. ನಾನು ಸ್ವೆಟರ್ ಹೆಣೆಯುತ್ತೇನೆ ಅಂತ ಗೊತ್ತಿರುವ ಪರಿಚಯದವರು ಜಾಕೆಟ್ ಹಿಡಿದುಕೊಂಡು ಬರುತ್ತಾರೆ. ಹೆಣಿಗೆ ಬಲ್ಲವರಿಗೆ ಇದು ಗೊತ್ತಿರುವ ಕೆಲಸವೇ. ತಣ್ಣೀರು, ಗುಂಡುಸೂಜಿ, ತಾಳ್ಮೆ ಬೇಕು. ಬಿಸಿ ಮಾತ್ರ ಖಂಡಿತ ಬೇಡ.

ಮೊದಲು ಪಟ್ಟಿ ನಿಜಕ್ಕೂ ಬಿಗಿಯೋ, ಜಾಕೆಟ್ ಕೂರಬೇಕಾದ ಜಾಗದಲ್ಲಿ ಕೂತಿಲ್ಲವೋ ನೋಡಿಕೊಳ್ಳಿ. ಏ-2 ಅಮೆರಿಕದ ಸೇನೆಯ ವಿಮಾನ ದಳಕ್ಕೆ ಬಂದದ್ದು 1931ರಲ್ಲಿ. ಆಗಿನವರ ಪ್ಯಾಂಟು ಹೊಕ್ಕುಳ ಮಟ್ಟಕ್ಕೆ ಏರುತ್ತಿತ್ತು. ಪಟ್ಟಿ ಅಲ್ಲೇ ಕೂತು ಗಾಳಿಯನ್ನು ತಡೆಯಬೇಕಿತ್ತು. ಇವತ್ತಿನ ಜೀನ್ಸ್ ಸೊಂಟದ ಮೂಳೆಯ ಮೇಲೆ ನಿಲ್ಲುತ್ತದೆ. ಜಾಕೆಟ್ಟನ್ನೂ ಅಲ್ಲಿಯವರೆಗೆ ಎಳೆದರೆ ಪಟ್ಟಿ ಮೈಯ ಅಗಲ ಜಾಗಕ್ಕೆ ಬಂತು, ಬಿಗಿ ಅನ್ನಿಸದೆ ಇನ್ನೇನು? ಒಂದೆರಡು ಇಂಚು ಮೇಲೆ ಬಿಟ್ಟು ಒಂದು ದಿನ ಓಡಾಡಿ ನೋಡಿ. ಎಷ್ಟೋ ಜನಕ್ಕೆ ಇಷ್ಟರಲ್ಲೇ ಸಮಾಧಾನವಾಗುತ್ತದೆ. ಇನ್ನೊಂದು ವಿಷಯ, ಜಿಪ್ ಹಾಕಿದಾಗ ಎದೆಯ ಹತ್ತಿರ ಚರ್ಮವೂ ಅಡ್ಡಡ್ಡ ಎಳೆದುಕೊಳ್ಳುತ್ತಿದ್ದರೆ ಸೈಜೇ ಚಿಕ್ಕದು. ಅದಕ್ಕೆ ಪಟ್ಟಿಯಲ್ಲಿ ಮದ್ದಿಲ್ಲ, ಅಂಗಡಿಗೆ ವಾಪಸ್ ಕೊಡಿ.

ಆಮೇಲೆ ಪಟ್ಟಿ ಯಾವ ನೂಲಿನದು ಅಂತ ತಿಳಿಯಬೇಕು. ಲೇಬಲ್‌ನಲ್ಲಿ ಇಲ್ಲದಿದ್ದರೆ ಒಳಗಿನ ಹೊಲಿಗೆಯ ಹತ್ತಿರ ಇಣುಕುವ ಒಂದು ಎಳೆ ಕತ್ತರಿಸಿ, ಚಿಮುಟದಲ್ಲಿ ಹಿಡಿದು ಸಿಂಕ್ ಮೇಲೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಪಟ್ಟಿಯನ್ನು ಅಗಲಕ್ಕೆ ಹಿಗ್ಗಿಸಿ ಹೆಣಿಗೆಯ ಏಣುಗಳ ನಡುವಿನ ತಗ್ಗುಗಳ ಒಳಗೂ ನೋಡಿ. ಸಣ್ಣ ಹೊಳೆಯುವ ದಾರ ಕಂಡರೆ ಎಲಾಸ್ಟಿಕ್ ಸೇರಿಸಿದ್ದಾರೆ ಅಂತ ಅರ್ಥ. ಮುಂದೆ ಹೇಳುವ ವಿಧಾನ ಉಣ್ಣೆಗೆ ಮಾತ್ರ.

ಉಣ್ಣೆ ಯಾಕೆ ಮಾತು ಕೇಳುತ್ತದೆ ಅಂದರೆ, ಅದರ ಎಳೆಯನ್ನು ಆಕಾರದಲ್ಲಿ ಹಿಡಿದಿಡುವ ಸಣ್ಣ ಬಂಧಗಳು ನೀರು ತಾಗಿದಾಗ ಬಿಡುತ್ತವೆ, ಒಣಗುವಾಗ ಮತ್ತೆ ಕೂಡುತ್ತವೆ. ಒಣಗುವಾಗ ಯಾವ ಅಳತೆಯಲ್ಲಿ ಇರುತ್ತದೋ ಅದರ ಕಡೆಗೆ ವಾಲುತ್ತದೆ. ಒದ್ದೆ ಕೂದಲನ್ನು ಜಡೆ ಹಾಕಿ ಒಣಗಿಸಿದರೆ ಅಲೆ ನಿಲ್ಲುತ್ತದಲ್ವಾ, ಹಾಗೆಯೇ.

ಇತ್ತೀಚೆಗೆ ನಮ್ಮ ಭಾವನ ಜಾಕೆಟ್ ಮಾಡಿಕೊಟ್ಟೆ. ಗಾಢ ಕಂದು ಕುದುರೆ ಚರ್ಮ, ತುಕ್ಕಿನ ಬಣ್ಣದ ಪಟ್ಟಿ. ಎಳೆಯದೆ ಬಿಟ್ಟಾಗ ಪಟ್ಟಿಯ ಸುತ್ತಳತೆ 28 ಇಂಚು, ಭಾವನ ಹೊಟ್ಟೆ ಆ ಜಾಗದಲ್ಲಿ 36. ಪಟ್ಟಿ ಮೈಗಿಂತ ಚಿಕ್ಕದಾಗಿಯೇ ಇರಬೇಕು, ಇಲ್ಲದಿದ್ದರೆ ಹಿಡಿತವೇ ಇರುವುದಿಲ್ಲ. 31 ಇಂಚಿಗೆ ಬಂದರೆ ಸಾಕು ಅಂತ ಲೆಕ್ಕ ಹಾಕಿದೆ.

ಮೇಜಿನ ಮೇಲೆ ಮಕ್ಕಳ ಆಟದ ಫೋಮ್ ಮ್ಯಾಟ್ ಹಾಸಿ, ಅದರ ಮೇಲೆ ಟವೆಲ್. ಜಿಪ್ ಪೂರ್ತಿ ತೆಗೆಯಿರಿ. ಜಿಪ್ ಹಾಕಿಯೇ ಕುರ್ಚಿ ಬೆನ್ನಿಗೆ ಸಿಕ್ಕಿಸಿ ಹಿಗ್ಗಿಸುವವರಿದ್ದಾರೆ. ಹಾಗೆ ಮಾಡಿದರೆ ಎಳೆತವೆಲ್ಲ ಜಿಪ್‌ನ ಕೆಳತುದಿಯ ಮೇಲೆ ಬೀಳುತ್ತದೆ, ಅದು ಕಿತ್ತರೆ ರಿಪೇರಿ ಕಷ್ಟ. ಜಾಕೆಟ್‌ನ ಹೊರಮೈ ಮೇಲೆ ಬರುವಂತೆ ಬಿಚ್ಚಿ ಹರಡಿ. ಚರ್ಮದ ಭಾಗವನ್ನು ಹೊಲಿಗೆಯ ಗೆರೆಯವರೆಗೂ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ. ಪಟ್ಟಿಗೆ ಮಾತ್ರ ಎರಡೂ ಕಡೆ ತಣ್ಣೀರು ಸ್ಪ್ರೇ ಮಾಡಿ. ಉಣ್ಣೆ ತಕ್ಷಣ ನೀರು ಕುಡಿಯುವುದಿಲ್ಲ, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಹೊಡೆಯಿರಿ. ಒಣ ಟವೆಲ್‌ನಿಂದ ಒತ್ತಿ ಹೆಚ್ಚಿನ ನೀರು ತೆಗೆಯಿರಿ. ಉಜ್ಜಬೇಡಿ, ಉಜ್ಜಿದರೆ ಉಣ್ಣೆ ಗಂಟುಗಟ್ಟಿ ಕುಗ್ಗುತ್ತದೆ. ತೊಟ್ಟಿಕ್ಕುವಷ್ಟು ಒದ್ದೆ ಬೇಡ, ಮುಟ್ಟಿದರೆ ತಂಪಾಗಿ ಹಸಿ ಅನ್ನಿಸಿದರೆ ಸಾಕು.

ಈಗ ಹಿಗ್ಗಿಸುವುದು. ಪಟ್ಟಿಯ ಎರಡು ತುದಿಯಲ್ಲಿ ಜಿಪ್ ಪಕ್ಕ ಚರ್ಮದ ತುಂಡುಗಳಿರುತ್ತವೆ. ಅವನ್ನು ಹಿಡಿದು ಎಳೆಯಬೇಡಿ, ಅಲ್ಲಿ ಸೂಜಿಯನ್ನೂ ಚುಚ್ಚಬೇಡಿ. ಚರ್ಮಕ್ಕೆ ಬಿದ್ದ ತೂತು ಮತ್ತೆ ಮುಚ್ಚುವುದಿಲ್ಲ. ನಾನು ಸಾಕ್ಸ್ ಹೆಣೆಯುವ ಸಣ್ಣ ಬಿದಿರಿನ ಕಡ್ಡಿ ಬಳಸುತ್ತೇನೆ. ಚರ್ಮದ ತುಂಡಿಗೆ ಅರ್ಧ ಇಂಚು ಮೊದಲು, ಎರಡು ಏಣುಗಳ ನಡುವಿನ ತಗ್ಗಿನಲ್ಲಿ, ಕಡ್ಡಿಯನ್ನು ಮೇಲಿಂದ ಕೆಳಕ್ಕೆ ಪೋಣಿಸುತ್ತೇನೆ. ನೂಲು ಸೀಳದಂತೆ ಕುಣಿಕೆಗಳ ಮಧ್ಯೆ ನುಸುಳಿಸಬೇಕು. ಎರಡೂ ತುದಿಗೆ ಹೀಗೆ ಒಂದೊಂದು ಕಡ್ಡಿ. ಕಡ್ಡಿಯನ್ನು ಹೊರಕ್ಕೆ ಸರಿಸಿ, ಅದರ ಒಳಮಗ್ಗುಲಿಗೆ ತುಕ್ಕು ಹಿಡಿಯದ ಉದ್ದ ಗುಂಡುಸೂಜಿಗಳನ್ನು ಮ್ಯಾಟ್‌ಗೆ ಚುಚ್ಚಿದರೆ ಎಳೆತ ಪಟ್ಟಿಯ ಎತ್ತರಕ್ಕೆಲ್ಲ ಸಮನಾಗಿ ಹಂಚಿಹೋಗುತ್ತದೆ. ನಡುವೆ ನಾಲ್ಕೈದು ಇಂಚಿಗೊಮ್ಮೆ ಒಂದೊಂದು ಗುಂಡುಸೂಜಿ ಸಾಕು.

ಎಷ್ಟು ಎಳೆಯಬೇಕು ಅನ್ನುವುದನ್ನು ಜಾಕೆಟ್ಟೇ ಹೇಳುತ್ತದೆ. ಪಟ್ಟಿಗಿಂತ ಚರ್ಮದ ಅಂಚು ಅಗಲ ಜಾಸ್ತಿ, ಅದಕ್ಕೇ ಹೊಲಿಗೆಯ ಮೇಲೆ ಚರ್ಮ ಸಣ್ಣ ಸಣ್ಣ ನೆರಿಗೆಯಾಗಿ ನಿಂತಿರುತ್ತದೆ. ಪಟ್ಟಿ ಹಿಗ್ಗುತ್ತಾ ಹೋದಂತೆ ಈ ನೆರಿಗೆಗಳು ಮಲಗುತ್ತವೆ. ಚರ್ಮ ಪೂರ್ತಿ ಚಪ್ಪಟೆಯಾಯಿತಾ, ಅದೇ ಕೊನೆಯ ಮಿತಿ. ಅದಕ್ಕಿಂತ ಮುಂದೆ ಎಳೆದರೆ ಎಳೆತ ಹೊಲಿಗೆಗೆ ಬೀಳುತ್ತದೆ. ಮೊದಲ ಸಲ ಆ ಮಿತಿಯವರೆಗೂ ಹೋಗಬೇಡಿ. ಭಾವನ ಪಟ್ಟಿಯನ್ನು ಮೊದಲು 34 ಇಂಚಿಗೆ ಹಿಡಿದೆ. ಒಣಗಿಸಿ ಬಿಟ್ಟ ಮೇಲೆ ಅದು 30ರ ಆಸುಪಾಸಿಗೆ ಮರಳಿತು. ಇನ್ನೊಂದು ಸುತ್ತಿಗೆ 35 ಮಾಡಿದೆ, 31ಕ್ಕೆ ನಿಂತಿತು.

ಒಣಗಲು ಒಂದು ರಾತ್ರಿ, ಒಂದು ಹಗಲು ಬಿಡಿ. ಫ್ಯಾನ್ ಹಾಕಬಹುದು. ಹೇರ್ ಡ್ರೈಯರ್, ಹೀಟರ್, ಬಿಸಿಲು, ಇಸ್ತ್ರಿಯ ಹಬೆ ಯಾವುದೂ ಬೇಡ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಅದು ಮುದುಡಿ ಗಟ್ಟಿಯಾಗುತ್ತದೆ, ಯಾವ ಎಣ್ಣೆ ಹಚ್ಚಿದರೂ ಹಿಂದಕ್ಕೆ ಬರುವುದಿಲ್ಲ. ಬೆಂಗಳೂರು, ಮಲೆನಾಡಿನ ಕಡೆ ಇರುವವರು ಮಳೆಗಾಲ ಕಳೆಯಲಿ ಅಂತ ಕಾಯುವುದು ಒಳ್ಳೆಯದು. ತೇವ ಆರದೆ ಉಳಿದರೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಸೂಜಿ, ಕಡ್ಡಿ ತೆಗೆದು, ಹೊಲಿಗೆ ಪಕ್ಕದ ಚರ್ಮಕ್ಕೆ ಲೆದರ್ ಕಂಡೀಷನರ್ ತೆಳ್ಳಗೆ ಸವರಿ. ಒಂದೆರಡು ವಾರ ಹಾಕಿಕೊಂಡು ನೋಡಿ, ಆಮೇಲೆ ಎರಡನೇ ಸುತ್ತಿನ ಯೋಚನೆ ಮಾಡಿ. ಸುಮ್ನೆ ಬಿಟ್ಟಾಗಲೂ ಪಟ್ಟಿಯ ಏಣುಗಳು ದೂರ ದೂರ ನಿಂತು ತಗ್ಗು ಕಾಣಲು ಶುರುವಾದರೆ ಅಲ್ಲಿಗೆ ನಿಲ್ಲಿಸಿಬಿಡಿ.

ಅಕ್ರಿಲಿಕ್ ಪಟ್ಟಿ ನೀರಿಗೆ ಬಗ್ಗುವುದಿಲ್ಲ. ಹಬೆ ಕೊಟ್ಟರೆ ಜೀವ ಕಳೆದುಕೊಂಡು ಜೋತು ಬೀಳುತ್ತದೆ. ಎಲಾಸ್ಟಿಕ್ ಇರುವುದನ್ನು ಎಳೆದಿಟ್ಟರೆ ರಬ್ಬರ್ ಎಳೆಗಳು ಅಲ್ಲಲ್ಲಿ ತುಂಡಾಗಿ ಪಟ್ಟಿ ಅಲೆಅಲೆಯಾಗುತ್ತದೆ. ಇವೆರಡಕ್ಕೂ ಪಟ್ಟಿ ಬದಲಿಸುವುದೇ ದಾರಿ. ಚರ್ಮದ ಕೆಲಸ ಗೊತ್ತಿರುವವರ ಹತ್ತಿರ ಕೊಡಿ, ಹಳೆಯ ಹೊಲಿಗೆಯ ತೂತುಗಳಲ್ಲೇ ಹೊಲಿಯಬೇಕು ಅಂತ ಮೊದಲೇ ಹೇಳಿ. ಪಕ್ಕದಲ್ಲಿ ಹೊಸ ತೂತು ಬಿದ್ದರೆ ಚರ್ಮ ಆ ಗೆರೆಯಲ್ಲೇ ಹರಿಯುತ್ತದೆ.

ನಿಮ್ಮ ಕೈಯಲ್ಲಿರುವುದು ಎರಡನೇ ಮಹಾಯುದ್ಧದ ಕಾಲದ ಅಸಲಿ ಏ-2 ಆದರೆ ಇದ್ಯಾವುದನ್ನೂ ಮಾಡಬೇಡಿ. ಕೆಲವದರ ತೋಳಿನ ಮೇಲೆ ಚೀನಾ-ಬರ್ಮಾ-ಇಂಡಿಯಾ ರಣರಂಗದ ಬಿಲ್ಲೆ ಇರುತ್ತದೆ. ಆ ರಣರಂಗದ ಎಷ್ಟೋ ಅಮೆರಿಕನ್ ವಿಮಾನಗಳು ರಿಪೇರಿಗೆ ಬರುತ್ತಿದ್ದದ್ದು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ. ಎಂಬತ್ತು ವರ್ಷ ದಾಟಿದ ನೂಲು ಒದ್ದೆಯಾಗಿ ಎಳೆತ ಬಿದ್ದರೆ ಹೊಲಿಗೆಯ ಬುಡದಲ್ಲೇ ಕಿತ್ತು ಬರಬಹುದು. ಅಂಥದ್ದನ್ನು ಹಾಕಿಕೊಳ್ಳಲೇಬೇಕು ಅನ್ನಿಸಿದರೆ ಜಿಪ್ ತೆರೆದೇ ಹಾಕಿಕೊಳ್ಳಿ.