ಪರದೆಯ ರಾಡ್ ಗೋಡೆ ಬಿಟ್ಟು ಬಂದರೆ

ಮುಂಬೈಯ ಮಾಟುಂಗಾದ ಹಳೆಯ ಕಟ್ಟಡವಿರಲಿ, ಡೊಂಬಿವಲಿಯ ಹೊಸ ಟವರ್ ಇರಲಿ, ಪರದೆ ಎಳೆದಾಗ ಬ್ರಾಕೆಟ್ ಅಲುಗತೊಡಗಿತೆಂದರೆ ಹೆಚ್ಚಿನವರು ಅದೇ ತೂತಿಗೆ ಇನ್ನೂ ದಪ್ಪ ಸ್ಕ್ರೂ ತಿರುಗಿಸಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸುತ್ತಲಿನ ಪ್ಲಾಸ್ಟರ್ ಒಡೆದು ಸಣ್ಣ ರಿಪೇರಿ ದೊಡ್ಡದಾಗುತ್ತದೆ.

ಮೊದಲು ಗೋಡೆ ಯಾವುದರದೆಂದು ತಿಳಿಯಿರಿ. ಸ್ಕ್ರೂ, ಗಿಟ್ಟಿ (ಸ್ಕ್ರೂ ಹಿಡಿದಿಡಲು ತೂತಿನೊಳಗೆ ಕೂರಿಸುವ ಪ್ಲಾಸ್ಟಿಕ್ ಪ್ಲಗ್) ಎರಡನ್ನೂ ತೆಗೆದು, ಕೆಳಗೆ ಬಿಳಿ ಕಾಗದ ಹಿಡಿದು, ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸುತ್ತ ತೂತಿನ ತಳ ಕೆರೆಯಿರಿ. ಕೆಂಪು ಪುಡಿ ಬಿದ್ದರೆ ಇಟ್ಟಿಗೆ. ಬೂದು ಬಣ್ಣದ ಪುಡಿ ಚೂರೇ ಚೂರು ಬಂದು ಬಿಟ್ ಮುಂದೆ ಸಾಗದಿದ್ದರೆ ಅದು ಕಿಟಕಿಯ ಮೇಲಿನ ಕಾಂಕ್ರೀಟ್ ಲಿಂಟಲ್. ಹಿಟ್ಟಿನಂತೆ ಮೆತ್ತಗೆ ಉದುರಿದರೆ ಹೊಸ ಕಟ್ಟಡಗಳ ಹಗುರ ಬ್ಲಾಕ್.

ಇಟ್ಟಿಗೆ ಗೋಡೆಯಲ್ಲಿ ಗಿಟ್ಟಿ ಕಿತ್ತು ಬರಲು ಮುಖ್ಯ ಕಾರಣ ಅದರ ಉದ್ದ. ಒಳಗೋಡೆಯ ಪ್ಲಾಸ್ಟರೇ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ದಪ್ಪವಿರುತ್ತದೆ. 25 ಮಿ.ಮೀ. ಗಿಟ್ಟಿ ಹಾಕಿದರೆ ಅರ್ಧಕ್ಕರ್ಧ ಅದರಲ್ಲೇ ಉಳಿದು, ಇಟ್ಟಿಗೆಯಲ್ಲಿ ಸಾಕಷ್ಟು ಹಿಡಿತ ಸಿಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ 8 ಮಿ.ಮೀ. ದಪ್ಪದ, 50 ಮಿ.ಮೀ. ಉದ್ದದ ಗಿಟ್ಟಿ ಕೇಳಿ ತನ್ನಿ. ಅದೇ ಅಳತೆಯ ಬಿಟ್‌ನಿಂದ ಗಿಟ್ಟಿಗಿಂತ ತುಸು ಆಳಕ್ಕೆ ಕೊರೆದು, ಪುಡಿಯನ್ನೆಲ್ಲ ಊದಿ ತೆಗೆಯಿರಿ. ಪುಡಿ ಉಳಿದರೆ ಗಿಟ್ಟಿ ಜಾರುತ್ತದೆ.

ತೂತು ಆಗಲೇ ಬಾಯಿ ಬಿಟ್ಟಿದ್ದರೆ ಸಡಿಲ ಪ್ಲಾಸ್ಟರ್ ಕೆರೆದು ತೆಗೆದು, ಎಂ-ಸೀಲಿನ (ಕಲಸಿದ ಮೇಲೆ ಗಟ್ಟಿಯಾಗುವ ಅಂಟು) ಎರಡೂ ಉಂಡೆಗಳನ್ನು ಒಂದೇ ಬಣ್ಣ ಬರುವವರೆಗೆ ನಾದಿ, ಒಳಗೆ ಒತ್ತಿ ತುಂಬಿ, ಅದರೊಳಗೇ ಗಿಟ್ಟಿ ಕೂರಿಸಿ. ರಾತ್ರಿಯಿಡೀ ಮುಟ್ಟಬೇಡಿ. ವಾಲ್ ಪುಟ್ಟಿ ಮೇಲ್ಮೈ ನಯಗೊಳಿಸಲು ಮಾತ್ರ, ಭಾರ ಹೊರಲು ಅಲ್ಲ.

ಹಗುರ ಬ್ಲಾಕ್‌ಗೆ ಡ್ರಿಲ್ಲಿನ ಹ್ಯಾಮರ್ (ಬಡಿಯುತ್ತ ಕೊರೆಯುವ ವ್ಯವಸ್ಥೆ) ಬಂದ್ ಮಾಡಿಯೇ ಕೊರೆಯಬೇಕು. ಅದಕ್ಕೆಂದೇ ಬರುವ ಗಿಟ್ಟಿಯನ್ನೇ ಹಾಕಿ. ಲಿಂಟಲ್‌ನಲ್ಲಿ ಕಬ್ಬಿಣದ ಸರಳು ಅಡ್ಡ ಬಂದರೆ ಜಗ್ಗಾಡಬೇಡಿ, ಬ್ರಾಕೆಟನ್ನು ಎರಡು ಬೆರಳು ಪಕ್ಕಕ್ಕೆ ಸರಿಸಿ.

ಸ್ವಿಚ್ ಬೋರ್ಡ್ ಅಥವಾ ಎಸಿ ಪಾಯಿಂಟ್‌ನ ನೇರಕ್ಕೆ, ಮೇಲಾಗಲಿ ಪಕ್ಕವಾಗಲಿ, ಎಂದೂ ಕೊರೆಯಬೇಡಿ. ಗೋಡೆಯೊಳಗಿನ ವೈರ್ ಹಾಯುವ ದಾರಿ ಅದು. ವೈರ್‌ಗೆ ತಗುಲಿದ ಅನುಮಾನವಿದ್ದರೂ ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ತೂತು ಮುಚ್ಚಿ ಸುಮ್ಮನಾಗುವುದು ಪ್ರಾಣಕ್ಕೇ ಅಪಾಯ.

ರಾಡ್ ಓರೆಯಾಗಿದ್ದರೆ ಕಿಟಕಿಯ ಚೌಕಟ್ಟನ್ನಾಗಲಿ ಸೂರನ್ನಾಗಲಿ ನಂಬಿ ಗುರುತು ಹಾಕಬೇಡಿ, ಹಳೆಯ ಮನೆಗಳಲ್ಲಿ ಎರಡೂ ಸಮವಾಗಿರುವುದು ಅಪರೂಪ. ರಸಮಟ್ಟ ಇಟ್ಟು ನೋಡಿ. ಆರಡಿಗಿಂತ ಉದ್ದದ ರಾಡ್ ನಡುವೆ ಬಾಗಿದ್ದರೆ ಮಧ್ಯಕ್ಕೊಂದು ಬ್ರಾಕೆಟ್ ಸೇರಿಸಿ.

ಮುಂಬೈಯ ಮಳೆಗಾಲದಲ್ಲಿ ಹೊರಗೋಡೆ ನೀರು ಕುಡಿದಿರುತ್ತದೆ. ಕೈಯಿಟ್ಟಾಗ ತಣ್ಣಗೆ, ಒದ್ದೆಯೆನಿಸಿದರೆ ಸೋರಿಕೆ ನಿಲ್ಲಿಸಿ, ಗೋಡೆ ಒಣಗಿದ ಮೇಲೆಯೇ ಈ ಕೆಲಸಕ್ಕೆ ಕೈಹಾಕಿ. ಸಮುದ್ರದ ಗಾಳಿಗೆ ಸಾದಾ ಸ್ಕ್ರೂ ಬೇಗ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೊಳ್ಳಿ. ಡ್ರಿಲ್ ಹಚ್ಚುವ ಮೊದಲು ನಿಮ್ಮ ಸೊಸೈಟಿಯ ವೇಳೆಯನ್ನೂ ಕೇಳಿಕೊಳ್ಳಿ, ಅನೇಕ ಕಡೆ ಮಧ್ಯಾಹ್ನದ ಹೊತ್ತು ಇದಕ್ಕೆ ಅನುಮತಿ ಇರುವುದಿಲ್ಲ.