ಭುಜ ಕೆಳಗಿಳಿಸಬೇಡಿ, ಮೇಲೆತ್ತಿ: ಹಮಾಲಿಗಳ ಕೈ ಜೋಮು ಮತ್ತು ನನ್ನ ಅನುಭವ

ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ (ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ಸಂದಿಯ ಆಸುಪಾಸಿನಲ್ಲಿ ಕೈಗೆ ಹೋಗುವ ನರ, ರಕ್ತನಾಳ ಸಿಕ್ಕಿಕೊಳ್ಳುವುದು) ಪರೀಕ್ಷೆಗೆ ಓದುವ ವಿಷಯವೇ ಹೊರತು ಕ್ಲಿನಿಕ್ಕಿಗೆ ನಡೆದು ಬರುವ ಕಾಯಿಲೆಯಲ್ಲ ಅಂತ ನನ್ನ ಬ್ಯಾಚಿನವರು ಈಗಲೂ ಹೇಳುತ್ತಾರೆ. ಅವರು ಕೋಲಾರದ ಟೊಮೆಟೊ ಮಾರುಕಟ್ಟೆಯ ಪಕ್ಕ ಫಿಸಿಯೋಥೆರಪಿ ಅಂಗಡಿ ತೆರೆದು ಕೂತಿಲ್ಲ. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಪಾಲು ಹಮಾಲಿಗಳು, ಲೋಡಿಂಗ್ ಹುಡುಗರು. ಕೈ ಜೋಮು ಅಂತ ಬರುತ್ತಾರೆ, ಚೀಲದಲ್ಲಿ ಕುತ್ತಿಗೆಯ ಎಂಆರ್‌ಐ ಇರುತ್ತದೆ, ಅದರಲ್ಲಿ ಸಿ5-6 (ಕುತ್ತಿಗೆಯ ಐದನೇ, ಆರನೇ ಮೂಳೆಗಳ ನಡುವಿನ) ಡಿಸ್ಕ್ ಉಬ್ಬಿದೆ ಅಂತ ಬರೆದಿರುತ್ತದೆ. ಹದಿನೈದು ವರ್ಷ ಮೂಟೆ ಹೊತ್ತವನ ಕುತ್ತಿಗೆಯಲ್ಲಿ ಡಿಸ್ಕ್ ಉಬ್ಬದೆ ಇನ್ನೇನಾಗುತ್ತದೆ? ಆದರೆ ಜೋಮು ಹಿಡಿಯುವುದು ಕಿರುಬೆರಳಿನಲ್ಲಿ. ಸಿ5-6ಕ್ಕೂ ಕಿರುಬೆರಳಿಗೂ ಏನು ಸಂಬಂಧ? ಆರೇಳು ಸಾವಿರ ಕೊಟ್ಟು ಸ್ಕ್ಯಾನ್ ಮಾಡಿಸಿಕೊಂಡವನಿಗೆ ಈ ಪ್ರಶ್ನೆ ಯಾರೂ ಕೇಳಿರುವುದಿಲ್ಲ.

ಕತ್ತು ತಿರುಗಿಸಿ ಮಣಿಕಟ್ಟಿನ ನಾಡಿ ನೋಡುವ ಆಡ್ಸನ್ ಟೆಸ್ಟನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಯಾವ ಕಾಯಿಲೆಯೂ ಇಲ್ಲದ ನಮ್ಮ ರಿಸೆಪ್ಶನ್ ಹುಡುಗಿಗೂ ಕತ್ತು ತಿರುಗಿಸಿದರೆ ನಾಡಿ ನಿಲ್ಲುತ್ತದೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕೇಸು ನರದ್ದೇ ಆಗಿರುವಾಗ ನಾಡಿ ಹಿಡಿದು ಏನು ಉಪಯೋಗ? ಎರಡೂ ಕೈ ಎತ್ತಿ ಹಿಡಿದು ಮುಷ್ಟಿ ಬಿಚ್ಚಿ ಮುಚ್ಚುವ ರೂಸ್ ಟೆಸ್ಟನ್ನು ಮಾತ್ರ ಮೂರು ನಿಮಿಷ ಪೂರ್ತಿ ಮಾಡಿಸುತ್ತೇನೆ. ಅವನದೇ ಜೋಮು, ಅದೇ ಜಾಗದಲ್ಲಿ ಬರಬೇಕು. ಸುಮ್ಮನೆ ಕೈ ಸೋತರೆ ಲೆಕ್ಕಕ್ಕಿಲ್ಲ. ಆಮೇಲೆ ಮುಂಗೈಯ ಒಳಬದಿಯನ್ನು ಹತ್ತಿಯಿಂದ ಮುಟ್ಟಿ ನೋಡುತ್ತೇನೆ. ಮೊಣಕೈಯಲ್ಲಿ ಅಲ್ನರ್ ನರ (ಕಿರುಬೆರಳಿಗೆ ಹೋಗುವ ನರ) ಸಿಕ್ಕಿಕೊಂಡಿದ್ದರೆ ಮಣಿಕಟ್ಟಿನಿಂದ ಮೇಲಕ್ಕೆ ಸ್ಪರ್ಶ ಸರಿಯಾಗಿರುತ್ತದೆ. ಈ ಕಾಯಿಲೆಯಲ್ಲಾದರೆ ಮೊಣಕೈವರೆಗೂ ಮಂದ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಅಂದರೆ ಕಾರ್ಪಲ್ ಟನೆಲ್ (ಮಣಿಕಟ್ಟಿನಲ್ಲಿ ನರ ಒತ್ತುವುದು) ನೋಡಿ, ನನ್ನ ಹತ್ತಿರ ಕಳಿಸಬೇಡಿ.

ನನ್ನ ತೀರ್ಮಾನ ನಿಲ್ಲುವುದು ಕೊನೆಯ ಪರೀಕ್ಷೆಯ ಮೇಲೆ. ಹಿಂದೆ ನಿಂತು ಎರಡೂ ಮೊಣಕೈಗಳನ್ನು ಅಂಗೈಯಲ್ಲಿ ಹೊತ್ತು, ಭುಜವನ್ನು ಕಿವಿಯ ಕಡೆಗೆ ಎತ್ತಿ ಒಂದೆರಡು ನಿಮಿಷ ಹಿಡಿಯುವುದು. ಕುತ್ತಿಗೆಯ ಭಾರ ಇಳಿದರೆ, ಅಥವಾ ಎತ್ತಿದ ಕೂಡಲೇ ಬೆರಳಿಗೆ ಜುಮುಜುಮು ನುಗ್ಗಿ ಆಮೇಲೆ ಹಗುರವಾದರೆ, ನನ್ನ ಮಟ್ಟಿಗೆ ಕೇಸು ಮುಗಿಯಿತು. ಇವರಿಗೇ ನಡುರಾತ್ರಿ ಜೋಮಿಗೆ ಎಚ್ಚರವಾಗುವುದು. ಹಗಲೆಲ್ಲ ಜಗ್ಗಿದ್ದ ನರ ಮಲಗಿದಾಗ ಬಿಡುಗಡೆಯಾಗಿ ಕೂಗುತ್ತದೆ. ನರ್ವ್ ಕಂಡಕ್ಷನ್ (ನರದಲ್ಲಿ ಸಂಕೇತ ಹರಿಯುವುದನ್ನು ಅಳೆಯುವ ಪರೀಕ್ಷೆ) ಬಹಳ ಸಲ ನಾರ್ಮಲ್ ಬರುತ್ತದೆ, ಎರಡು ಸಾವಿರ ಹೋಗುತ್ತದೆ. ಮಾಡಿಸಲೇಬೇಕಿದ್ದರೆ ಮುಂಗೈ ಒಳಬದಿಯ ಚರ್ಮದ ನರವನ್ನೂ ನೋಡಿ ಅಂತ ಚೀಟಿಯಲ್ಲೇ ಬರೆಯಿರಿ. ಕುತ್ತಿಗೆಯಲ್ಲಿ ಹೆಚ್ಚುವರಿ ಪಕ್ಕೆಲುಬು ಇದೆಯೇ ಅಂತ ನೋಡುವ ಮುನ್ನೂರು ರೂಪಾಯಿಯ ಎಕ್ಸ್‌ರೇಯನ್ನು ಮಾತ್ರ ಯಾರಿಗೂ ತಪ್ಪಿಸುವುದಿಲ್ಲ.

ಈಗ ಸೋಲಿನ ಲೆಕ್ಕ. ಕುತ್ತಿಗೆಗೆ ಟ್ರಾಕ್ಷನ್ (ಎಳೆತ) ಹಾಕಿಸಿಕೊಂಡವರೆಲ್ಲ ಬೈದುಕೊಂಡು ಹೋದರು. ಕುತ್ತಿಗೆಯ ಪಕ್ಕದಿಂದ ಪಕ್ಕೆಲುಬಿಗೆ ಇಳಿಯುವ ಸ್ಕೇಲೀನ್ ಸ್ನಾಯುವಿಗೆ ಸ್ಟ್ರೆಚ್ ಕೊಟ್ಟರೆ ಆ ರಾತ್ರಿ ನಿದ್ದೆಯಿಲ್ಲ. ಸಾಲ ಮಾಡಿ ತಂದ ಐಎಫ್‌ಟಿ ಮೆಷಿನ್ (ನೋವಿಗೆ ಸಣ್ಣ ಕರೆಂಟ್ ಕೊಡುವಂಥದ್ದು) ಹಚ್ಚಿದರೆ ಗೇಟು ದಾಟುವವರೆಗೆ ಹಾಯಾಗಿರುತ್ತಿತ್ತು, ಅಷ್ಟೇ. ಎಲ್ಲಕ್ಕಿಂತ ಕೆಟ್ಟದ್ದು ನಾವೆಲ್ಲ ಕಣ್ಣುಮುಚ್ಚಿ ಹೇಳುವ "ಎದೆ ಮುಂದೆ, ಭುಜ ಹಿಂದೆ, ಕೆಳಗೆ". ಲಾರಿಯ ಮೇಲೆ ನಿಂತು, ಬಗ್ಗಿ, ತೂಗುಬಿದ್ದ ಕೈಯಿಂದ ಹದಿನೈದು ಕೆಜಿ ಬಾಕ್ಸನ್ನು ಮೇಲಕ್ಕೆಳೆಯುವವನ ಭುಜ ಮೊದಲೇ ಜೋತುಬಿದ್ದಿರುತ್ತದೆ. ಕೊರಳೆಲುಬು ಅಡ್ಡಕ್ಕೆ ಇರುವ ಬದಲು ಹೊರಕ್ಕೆ ಇಳಿಜಾರು. ಅವನ ಟ್ರಪೀಜಿಯಸ್ (ಕುತ್ತಿಗೆಯಿಂದ ಭುಜಕ್ಕೆ ಬರುವ ಸ್ನಾಯು) ಮುಟ್ಟಿದರೆ ಗಟ್ಟಿ, ಹಾಗಂತ ಅದು ಕುಗ್ಗಿಲ್ಲ. ನೇಣುಹಗ್ಗದ ಹಾಗೆ ಭಾರಕ್ಕೆ ಬಿಗಿದಿದೆ. ಅದನ್ನು ಇನ್ನೂ ಕೆಳಗೆ ಎಳೆದರೆ ಕೆಳಗಿನ ನರದ ಗತಿಯೇನು?

ಹಾಗಾಗಿ ಕ್ರಮವನ್ನೇ ತಿರುಗಿಸಿದೆ. ಮೊದಲ ಎರಡು ವಾರ ವ್ಯಾಯಾಮ ಇಲ್ಲವೇ ಇಲ್ಲ, ಭುಜಕ್ಕೆ ಆಸರೆ ಮಾತ್ರ. ತೋಳಿನ ಮೇಲ್ಭಾಗದಿಂದ ಕುತ್ತಿಗೆಯ ಕಡೆಗೆ ಎತ್ತಿ ಕಟ್ಟುವ ಗಟ್ಟಿ ಟೇಪ್, ಮಲಗುವಾಗ ಮೊಣಕೈ ಕೆಳಗೆ ದಿಂಬು, ಬಸ್ಸಿನಲ್ಲಿ ನಿಂತಾಗ ಕೈ ಜೇಬಿನಲ್ಲಿ. ಆಮೇಲೆ ಕೈಯನ್ನು ಇಪ್ಪತ್ತು ಮೂವತ್ತು ಡಿಗ್ರಿ ಪಕ್ಕಕ್ಕೆ ಸರಿಸಿ ಭುಜ ಮೇಲೆತ್ತುವುದು. ಮೊದಲು ಬರಿಗೈ, ನಂತರ ಅರ್ಧ ಲೀಟರ್ ಬಾಟಲಿ, ನಂತರ ಒಂದು ಲೀಟರ್. ಜೋಮು ಬಂದರೆ ಹಿಂದಿನ ತೂಕಕ್ಕೆ ವಾಪಸ್. ತೊಂಬತ್ತು ಡಿಗ್ರಿಗೆ ಹೋಗಲು ಎರಡೂವರೆ ತಿಂಗಳಾದರೂ ಬೇಕು. ಜೊತೆಗೆ ಹೊಟ್ಟೆಯಿಂದ ಉಸಿರು; ಕುತ್ತಿಗೆಯಿಂದ ಉಸಿರಾಡುವವನ ಸ್ಕೇಲೀನ್ ಎಂದೂ ಸಡಿಲವಾಗುವುದಿಲ್ಲ. ಮೊದಲ ಪಕ್ಕೆಲುಬಿಗೆ ನಾನು ಕೈ ಇಡುವ ಕೋನವೊಂದಿದೆ, ಅದನ್ನು ಬರೆಯುವುದಿಲ್ಲ. ಬೇಕಾದವರು ಬಂದು ನೋಡಲಿ, ಚಹಾ ನನ್ನದೇ.

ಊರಿನ ಸೀನಿಯರ್ ಒಬ್ಬರು ನಕ್ಕಿದ್ದರು: "ಭುಜ ಎತ್ತಿಸ್ತೀಯ? ಟ್ರಪೀಜಿಯಸ್ ಇನ್ನೂ ಹಿಡ್ಕೊಂಡು ಕೂರುತ್ತೆ ನೋಡು." ಹೋದ ಸೀಸನ್‌ನಲ್ಲಿ ಅವರ ಷಡ್ಡಕರೇ ನನ್ನ ಹತ್ತಿರ ಬಂದರು. ಈವರೆಗೆ ನಲವತ್ತರ ಆಸುಪಾಸು ಜನ ಆಗಿರಬಹುದು, ಮೂವತ್ತರ ಹತ್ತಿರ ಮತ್ತೆ ಬಾಕ್ಸ್ ಎತ್ತುತ್ತಿದ್ದಾರೆ. ಹಣದ ಮಾತು ಬೇರೆ. ದಿನಾ ಸಿಟ್ಟಿಂಗ್ ಇದ್ದಾಗ ಒಬ್ಬನಿಂದ ಮೂರು ಸಾವಿರದವರೆಗೆ ಬರುತ್ತಿತ್ತು. ಈಗ ವಾರಕ್ಕೊಮ್ಮೆ, ಇನ್ನೂರು ರೂಪಾಯಿ, ಟೇಪ್ ಖರ್ಚು ನನ್ನದು. ಆದರೆ ಒಬ್ಬ ಗುಣವಾದರೆ ಅವನ ಗುಂಪಿನ ನಾಲ್ವರು ಬರುತ್ತಾರೆ. ಮೆಷಿನ್ ಸಾಲ ತೀರಿದ್ದು ಹೀಗೇ, ಮೆಷಿನ್ ಮುಟ್ಟದೆ.

ಟೇಪಿಗೆ ಬೆವರಿನಲ್ಲಿ ಚರ್ಮ ಕಿತ್ತುಬಂದವರಿಗೆ ಟವೆಲ್ಲನ್ನು ಕಂಕುಳಡಿ ಹಾಯಿಸಿ ಭುಜ ಎತ್ತಿಕಟ್ಟಿ ನೋಡಿದೆ. ಕಂಕುಳಲ್ಲೇ ನರ ಒತ್ತಿ ಬೇರೆ ರಾಮಾಯಣ ಶುರುವಾಯಿತು, ಬಿಟ್ಟೆ. ಶಿಡ್ಲಘಟ್ಟದಿಂದ ಬಂದ ರೇಷ್ಮೆ ರೀಲಿಂಗ್ ಹೆಂಗಸರ ಮೇಲೂ ಇದೇ ವಿಧಾನ ಹಾಕಿದೆ, ಅರ್ಧಂಬರ್ಧ ಫಲ. ಅವರ ಭುಜ ಜೋತುಬಿದ್ದಿರಲಿಲ್ಲ, ದಿನವಿಡೀ ಕೈ ಮುಂದೆ ಚಾಚಿ ಪೆಕ್ಟೊರಾಲಿಸ್ ಮೈನರ್ (ಎದೆಯ ಮುಂಭಾಗದ ಸಣ್ಣ ಸ್ನಾಯು) ಕಲ್ಲಾಗಿತ್ತು. ಅದನ್ನು ಬಿಡಿಸಿದ ಮೇಲೆಯೇ ದಾರಿಗೆ ಬಂದದ್ದು.

ಕೈ ಊದಿ ನೀಲಿಯಾಗಿದ್ದರೆ ಮುಟ್ಟಲೂ ಹೋಗಬೇಡಿ. ಅದು ಸಬ್‌ಕ್ಲೇವಿಯನ್ ಸಿರೆಯಲ್ಲಿ (ಕೊರಳೆಲುಬಿನಡಿಯ ರಕ್ತನಾಳ) ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ಆಸ್ಪತ್ರೆಗೆ ಕಳಿಸಿ. ಭಾರ ಎತ್ತುವ ಗಟ್ಟಿಮುಟ್ಟಾದ ಹುಡುಗರಿಗೇ ಹೆಚ್ಚಾಗಿ ಬರುತ್ತದೆ. ಬೆರಳು ಬಿಳಿಚಿ ತಣ್ಣಗಿದ್ದರೆ ಅಪಧಮನಿಯ ತೊಂದರೆ, ವ್ಯಾಸ್ಕ್ಯುಲರ್ (ರಕ್ತನಾಳದ) ಸರ್ಜನ್ನಿಗೆ ಕಳಿಸಿ. ಹೆಬ್ಬೆರಳ ಬುಡದ ಮಾಂಸ ಕರಗಿದ್ದರೂ ಟೇಪ್ ಹಾಕಿ ಕಾಲ ಕಳೆಯಬಾರದು. ಬೀಡಿ ಸೇದುವವನಿಗೆ ಕಿರುಬೆರಳ ನೋವಿನ ಜೊತೆ ಒಂದು ರೆಪ್ಪೆ ಜೋತುಬಿದ್ದಿದ್ದರೆ ಶ್ವಾಸಕೋಶದ ತುದಿ ನೋಡಿಸಿ, ಅಲ್ಲಿ ಗಡ್ಡೆ ಇರಬಹುದು. ಅಂಥ ಒಬ್ಬರನ್ನು ನಾನೇ ಕಳಿಸಿದ್ದೇನೆ.

ಗುಣವಾದವರು ಮತ್ತೆ ಅದೇ ಲಾರಿ ಹತ್ತಿದರೆ ಆರು ತಿಂಗಳಲ್ಲಿ ವಾಪಸ್. ಅದಕ್ಕೇ ಮೇಸ್ತ್ರಿಯನ್ನೇ ಕರೆಸಿ, ಮೇಲೆ ನಿಲ್ಲುವವನನ್ನು ಬದಲಿಸು ಅಂದೆ. "ಡಾಕ್ಟ್ರೇ, ಮೇಲೆ ನಿಂತೋನಿಗೆ ಕೂಲಿ ಜಾಸ್ತಿ ಐತೆ. ಇಳಿ ಅಂದ್ರೆ ಯಾವನ್ ಇಳೀತಾನೆ?" ಅಂದ. ಕೊನೆಗೆ ಅರ್ಧ ಲೋಡಿಗೆ ಜಾಗ ಬದಲಿಸಿ ಹೆಚ್ಚಿನ ಕೂಲಿ ಹಂಚಿಕೊಳ್ಳುವುದಕ್ಕೆ ಒಂದು ಗುಂಪು ಒಪ್ಪಿದೆ. ಉಳಿದವರು ಒಪ್ಪಿಲ್ಲ, ಸೀಸನ್ ಜೋರಾದಾಗ ಒಪ್ಪಿದವರೂ ಕೇಳುವುದಿಲ್ಲ. ಜೂನ್ ಬರುವ ಮೊದಲೇ ಎರಡು ಡಜನ್ ಟೇಪ್ ರೋಲ್ ತರಿಸಿ ಇಟ್ಟುಕೊಳ್ಳುತ್ತೇನೆ.