ಬಳೆ ಯಾವುದು, ಬಾಳೆ ಯಾವುದು: ಮಗಳ ಕಿವಿ ಪಳಗಿದ ಬಗೆ

ಕಳೆದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಕರೆಂಟು ಹೋಗಿತ್ತು. ಅಡುಗೆಮನೆಯ ಕತ್ತಲಲ್ಲಿ ಬೆನ್ನು ತಿರುಗಿಸಿಕೊಂಡೇ, "ಪುಟ್ಟಿ, ಬಳೆ ತಗೊಂಡು ಬಾ" ಎಂದೆ. ನಡುಮನೆಯ ತಟ್ಟೆಯಲ್ಲಿ ಬಳೆಯೂ ಇತ್ತು, ಬಾಳೆಯ ಚಿಪ್ಪೂ ಇತ್ತು. ಐದೂವರೆ ವರ್ಷದ ಮಗಳು ತಡವಿಕೊಂಡು ಬಂದು ಗಾಜಿನ ಬಳೆಗಳನ್ನೇ ನನ್ನ ಕೈಗಿಟ್ಟಳು. ಎರಡೂ ಕಿವಿಗಳಲ್ಲಿ 80 ಡೆಸಿಬೆಲ್‌ನಷ್ಟು ಶ್ರವಣದೋಷವಿರುವ, ಶ್ರವಣಯಂತ್ರವಿಲ್ಲದೆ ಸಾಮಾನ್ಯ ಮಾತು ಕೇಳಿಸದ ಮಗು ಬಾಯಿ ನೋಡದೆ ಮಾತು ಹಿಡಿಯುವುದುಂಟೇ ಎಂದು ಕೇಳಿದವರು ನೆಂಟರಷ್ಟೇ ಅಲ್ಲ, ತರಬೇತಿ ಕೊಠಡಿಯ ಹೊರಗೆ ನನ್ನೊಡನೆ ಕಾಯುತ್ತಿದ್ದ ತಾಯಂದಿರಲ್ಲೂ ಇದ್ದರು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಒಂದು ವರ್ಷ ನಾನು ಮಾಡಿದ್ದೆಲ್ಲ ತಪ್ಪು. ಮಂಡ್ಯದಿಂದ ರೈಲಿನಲ್ಲಿ ಮೈಸೂರಿಗೆ ಹೋಗಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹೇಳಿಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದೆ. ಆದರೆ ಮನೆಯಲ್ಲಿ ಮಗುವನ್ನು ಎದುರಿಗೆ ಕೂರಿಸಿಕೊಂಡು, ಚಿತ್ರದ ಕಾರ್ಡು ಹಿಡಿದು, ಬಾಯಿ ದೊಡ್ಡದಾಗಿ ತೆರೆದು ಹೇಳುತ್ತಿದ್ದೆ. ಅವಳು 40 ಪದಗಳನ್ನು ತಪ್ಪಿಲ್ಲದೆ ಗುರುತಿಸುತ್ತಿದ್ದಳು, ನಾನು ಹಿಗ್ಗುತ್ತಿದ್ದೆ. ಅಂಥದ್ದೇ ಒಂದು ಕತ್ತಲ ಸಂಜೆ "ಲೋಟ ಕೊಡು" ಎಂದಾಗ ಅವಳು ಕದಲಲಿಲ್ಲ. ಟಾರ್ಚನ್ನು ನನ್ನ ಮುಖಕ್ಕೆ ಹಿಡಿದು ಅದನ್ನೇ ಹೇಳಿದೆ, ತಕ್ಷಣ ಕೊಟ್ಟಳು. ಅಷ್ಟು ದಿನ ಕಲಿತದ್ದು ಕಿವಿಯಲ್ಲ, ಕಣ್ಣು ಎಂಬುದು ಅಂದು ತಿಳಿಯಿತು.

ಬಾಯಿಗೆ ಕೈ ಅಡ್ಡ ಹಿಡಿದು ನೋಡಿದೆ. ಕೈ ಹಿಡಿದರೆ 'ಸ್', 'ಶ್' ಎಂಬ ತೆಳುವಾದ ಸದ್ದುಗಳೇ ಮೊದಲು ಸತ್ತುಹೋಗುತ್ತವೆ. ಕೊನೆಗೆ ಹಳೆಯ ರಾಗಿಹಿಟ್ಟಿನ ಜರಡಿಯ ಬಲೆ ಕಿತ್ತು, ಅದಕ್ಕೆ ತೆಳುವಾದ ಹತ್ತಿಬಟ್ಟೆ ಬಿಗಿದೆ. ತುಟಿ ಕಾಣುವುದಿಲ್ಲ, ಸದ್ದು ಹಾಯುತ್ತದೆ. ಆಮೇಲೆ ಅದೂ ಬೇಡವಾಗಿ, ಅವಳ ಪಕ್ಕದಲ್ಲಿ, ಚೆನ್ನಾಗಿ ಕೇಳುವ ಬಲಗಿವಿಯ ಕಡೆಗೆ ಕುಳಿತು ಇಬ್ಬರೂ ಒಂದೇ ಆಟಿಕೆಯನ್ನು ನೋಡುತ್ತಾ ಮಾತನಾಡುವ ಅಭ್ಯಾಸವಾಯಿತು.

ಪ್ರತಿ ಬೆಳಿಗ್ಗೆ ಯಂತ್ರ ಹಾಕಿದ ಮೇಲೆ ಆರು ಸದ್ದುಗಳ ಪರೀಕ್ಷೆ ನಡೆಯುತ್ತದೆ: ಮ್, ಊ, ಆ, ಈ, ಶ್, ಸ್. ನೆಲದ ಮೇಲೆ 1, 3, 6 ಅಡಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದೇನೆ. ಕೇಳಿಸಿದಾಗ ಅವರೆಕಾಳು ಹಾಕಲು ಮೊದಲು ಸ್ಟೀಲ್ ಲೋಟ ಕೊಟ್ಟಿದ್ದೆ. ಕಾಳು ಬಿದ್ದ 'ಟಣ್' ಸದ್ದಿನ ಮೋಜಿಗೆ ಅವಳು ಕೇಳದಿದ್ದರೂ ಹಾಕುತ್ತಿದ್ದಳು. ಒಳಗೆ ಬಟ್ಟೆ ಹಾಸಿದ ಪುಟ್ಟ ಬುಟ್ಟಿ ಕೊಟ್ಟ ಮೇಲೆ ಆ ಕಳ್ಳಾಟ ನಿಂತಿತು. ಒಂದು ದಿನ 'ಸ್' ಒಂದೇ ಅಡಿಗೆ ಕುಸಿದಾಗ ಬ್ಯಾಟರಿ ಬದಲಿಸಿದೆ, ಸರಿಹೋಗಲಿಲ್ಲ. ಕಿವಿಯೊಳಗೆ ಕೂರುವ ಅಚ್ಚಿನ, ಅಂದರೆ ಮೋಲ್ಡಿನ, ಕೊಳವೆಯಲ್ಲಿ ಬೆವರಿನ ಹನಿ ನಿಂತಿತ್ತು.

ಪದಗಳನ್ನು ಉದ್ದದ ಅಂತರದಿಂದ ಆರಂಭಿಸಿದೆ, ಒಂದು ಗಿಡ್ಡ ಪದ, ಒಂದು ಉದ್ದ ಪದ: ಮಣೆ, ಕಲ್ಲಂಗಡಿ. ಅನಂತರ ಕಾಲು, ಕಲ್ಲು, ಹಾಲು, ಹಲ್ಲು, ಎಲ್ಲಕ್ಕಿಂತ ಕಡೆಗೆ ಬಳೆ, ಬಾಳೆ. ಇದೊಂದು ಜೋಡಿಗೇ ಸುಮಾರು ಏಳು ತಿಂಗಳು ಹಿಡಿಯಿತು. ವಿಭಕ್ತಿ ಪ್ರತ್ಯಯಗಳು ಇನ್ನೂ ಕಷ್ಟ, ಏಕೆಂದರೆ "ಅಜ್ಜಿಗೆ ಕೊಡು" ಎಂಬಲ್ಲಿನ "ಗೆ" ಮಾತಿನ ಭರದಲ್ಲಿ ಮಾಯವಾಗುತ್ತದೆ. ಅದನ್ನು ತುಸು ಎಳೆದು ಹೇಳಬೇಕು, ಕೂಗಬಾರದು. ಕೂಗಿದರೆ ಸ್ವರ ಉಬ್ಬುತ್ತದೆ, ವ್ಯಂಜನ ಅದರಡಿ ಮುಚ್ಚಿಹೋಗುತ್ತದೆ. ಒಮ್ಮೆ ಹೇಳಿದ ಮೇಲೆ ಮನಸ್ಸಿನಲ್ಲೇ 10 ಎಣಿಸಿ ಸುಮ್ಮನಿರುವುದನ್ನು ನಾನು ಕಲಿಯಲು ಮಗಳಿಗಿಂತ ಹೆಚ್ಚು ಕಾಲ ಬೇಕಾಯಿತು.

ನಮ್ಮ ಅತ್ತೆಯವರು ಹಾಲಿಗೆ "ಆಲು" ಎನ್ನುತ್ತಾರೆ, ಶನಿವಾರಕ್ಕೆ "ಸನಿವಾರ" ಎನ್ನುತ್ತಾರೆ. ಮಗುವಿನ ಎದುರು ತಿದ್ದಿಕೊಂಡು ಮಾತನಾಡಲಿ ಎಂದು ಕೆಲವರು ಸಲಹೆ ಕೊಟ್ಟರು, ನಾನು ಒಪ್ಪಲಿಲ್ಲ. ದಿನವಿಡೀ ತೊಡೆಯ ಮೇಲೆ ಕೂರಿಸಿಕೊಂಡು ಮಾತನಾಡುವ ಅಜ್ಜಿ ಎಚ್ಚರಿಕೆಯಿಂದ ಬಾಯಿ ಮುಚ್ಚಿಕೊಂಡರೆ ಆಗುವ ನಷ್ಟ ದೊಡ್ಡದು. ಈಗ ಮಗಳು ನನ್ನೊಡನೆ "ಹಾಲು", ಅಜ್ಜಿಯೊಡನೆ "ಆಲು" ಎನ್ನುತ್ತಾಳೆ. ಇದಕ್ಕಿಂತ ಒಳ್ಳೆಯ ಶ್ರವಣ ಪರೀಕ್ಷೆ ಯಾವುದಿದೆ?

ಖರ್ಚಿನ ವಿಚಾರ. ಮೊದಲ ಜೋಡಿ ಯಂತ್ರವನ್ನು ಅವಸರಪಟ್ಟು ಒಂದು ಅಂಗಡಿಯಲ್ಲಿ ನಲವತ್ತು ಸಾವಿರದ ಆಸುಪಾಸಿಗೆ ಕೊಂಡೆವು. ಅದರ ಶಕ್ತಿ ಅವಳ ಕಿವಿಗೆ ಸಾಲುತ್ತಿರಲಿಲ್ಲ, ಹಿಂದಿರುಗಿಸಿಕೊಳ್ಳಲಿಲ್ಲ, ನನ್ನ ಒಂದು ಜೊತೆ ಓಲೆ ಹೋಯಿತು. ನೀಲಿ ಚೀಟಿಯ '675' ಎಂಬ ಅಳತೆಯ ಬ್ಯಾಟರಿಗೆ ಈಗ ತಿಂಗಳಿಗೆ ಇನ್ನೂರರ ಹತ್ತಿರ ಬೀಳುತ್ತದೆ. ಕಿವಿ ಬೆಳೆದಂತೆಲ್ಲ ಮೋಲ್ಡು ಸಡಿಲವಾಗಿ ಶಿಳ್ಳೆ ಹೊಡೆಯುವುದರಿಂದ ಇದುವರೆಗೆ ಆರೇಳು ಸಲ ಮಾಡಿಸಿದ್ದೇವೆ. ಯಂತ್ರವನ್ನು ಒಣಗಿಸಲು ಸಿಲಿಕಾ ಜೆಲ್ ಬದಲು ಹುರಿದ ಅಕ್ಕಿ ಬಳಸಿ ನೋಡಿದೆ; ಅದರ ಪುಡಿ ಮೈಕಿನ ರಂಧ್ರಕ್ಕೆ ಸೇರಿತು, ಯಾರೂ ಮಾಡಬೇಡಿ. ಗೋಡೆಗೆ ಹಳೆಯ ಜಮಖಾನೆ ತೂಗುಹಾಕಿದ್ದು ಮಾತ್ರ ಖರ್ಚಿಲ್ಲದೆ ಫಲ ಕೊಟ್ಟಿತು, ಕೋಣೆಯ ಮಾರ್ದನಿ ತಗ್ಗಿತು.

ಮೊದಲ ಮೂರು ತಿಂಗಳು ಯಂತ್ರ ಕಿತ್ತು ಎಸೆಯುತ್ತಿದ್ದವಳನ್ನು ಹೇಗೆ ಒಲಿಸಿದೆ ಎಂದು ಎಲ್ಲರೂ ಕೇಳುತ್ತಾರೆ. ಅದು ನಾವಿಬ್ಬರೇ ಕಟ್ಟಿಕೊಂಡ ಆಟ, ಅವಳು ದೊಡ್ಡವಳಾಗಿ ಒಪ್ಪಿದರೆ ಆಗ ಹೇಳುತ್ತೇನೆ.

ಸದ್ಯಕ್ಕೆ ಮಿಕ್ಸಿ ತಿರುಗುತ್ತಿರುವಾಗ 3 ಅಡಿಯಾಚೆಗೆ 'ಸ್' ಅವಳಿಗೆ ದಕ್ಕುತ್ತಿಲ್ಲ. ಆದ್ದರಿಂದ ಚಟ್ನಿ ರುಬ್ಬುವ ಹೊತ್ತಿಗೆ ಅವಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ದಿನಕ್ಕೆ ಹತ್ತು ಸಲ "ಸಾಸಿವೆ ಕೊಡು" ಎನ್ನುತ್ತಿದ್ದೇನೆ.